ದುಡಿಯುತ್ತ ಓದುವವರ ಶುಲ್ಕದ ಪ್ರಶ್ನೆ

ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಎಂದೊಡನೆ ಕಾಯ್ದೆ ಬರೆಯುವವರ, ಬ್ಯಾಂಕಿನ ಸಾಲದ ನಮೂನೆ ಸಿದ್ಧಪಡಿಸುವವರ, ವಿದ್ಯಾರ್ಥಿವೇತನದ ನಿಯಮ ರೂಪಿಸುವವರ ಮನಸ್ಸಿನಲ್ಲಿ ಮೂಡುವ ಚಿತ್ರ ಹೆಚ್ಚುಕಡಿಮೆ ಒಂದೇ: ಹದಿನೆಂಟು ತುಂಬಿ ಇಪ್ಪತ್ತೆರಡು ದಾಟದ ಪ್ರಾಯ, ಹಗಲೆಲ್ಲ ತರಗತಿ, ಕಟ್ಟಬೇಕಾದ ಶುಲ್ಕ ತಂದೆತಾಯಿಯರ ಹೊಣೆ. ಈ ಚಿತ್ರದ ಹೊರಗೆ ನಿಂತು ಓದುವವರೇ ಅರೆಕಾಲಿಕ ವಿದ್ಯಾರ್ಥಿಗಳು, ಎಂದರೆ ದಿನದ ಮುಖ್ಯ ಭಾಗವನ್ನು ದುಡಿಮೆಗೋ ಮನೆವಾರ್ತೆಗೋ ಕೊಟ್ಟು, ಉಳಿದ ಹೊತ್ತಿನಲ್ಲಿ ಪದವಿಗಾಗಿ ವ್ಯಾಸಂಗ ಮಾಡುವವರು. ಭಾರತದಲ್ಲಿ ಇವರು ಹಲವು ಹೆಸರುಗಳ ಅಡಿಯಲ್ಲಿ ಹಂಚಿಹೋಗಿದ್ದಾರೆ. ಸಂಜೆ ಕಾಲೇಜಿನವರು, ಹಿಂದೆ ಅಂಚೆ ತೆರಪಿನ ಶಿಕ್ಷಣವೆಂದು ಕರೆಸಿಕೊಂಡು ಈಗ ದೂರಶಿಕ್ಷಣವೆನಿಸಿರುವ ಪದ್ಧತಿಯಲ್ಲಿ ಓದುವವರು, ಖಾಸಗಿ ಅಭ್ಯರ್ಥಿಗಳಾಗಿ ನೇರ ಪರೀಕ್ಷೆಗೆ ಕೂರುವವರು, ಇತ್ತೀಚೆಗೆ ಆನ್‌ಲೈನ್ ಪದವಿಗೆ ಸೇರಿದವರು, ಹೀಗೆ ಬೇರೆ ಬೇರೆ ಕಡತಗಳಲ್ಲಿ ಚದುರಿರುವುದರಿಂದಲೇ ಇವರೆಲ್ಲರಿಗೂ ಸಮಾನವಾದ ಒಂದು ಪ್ರಶ್ನೆ ಒಟ್ಟಾಗಿ ಕೇಳಿಬರುವುದು ಅಪರೂಪ. ತನ್ನ ಓದಿನ ಹಣವನ್ನು ತಾನೇ ಹೊಂದಿಸಬೇಕಾದ ದುಡಿಯುವ ಮನುಷ್ಯನಿಗೆ ಆ ಹಣ ಬರುವುದೆಲ್ಲಿಂದ, ಮತ್ತು ಅದು ಯಾವ ರೂಪದಲ್ಲಿ ಬಂದರೆ ಅವನಿಗೆ ಒಗ್ಗುತ್ತದೆ ಎಂಬುದೇ ಆ ಪ್ರಶ್ನೆ.

ತೆರಿಗೆಯ ಕಾಯ್ದೆಯಿಂದ ಈ ವಿಚಾರವನ್ನು ಆರಂಭಿಸುವುದು ಉಚಿತ, ಏಕೆಂದರೆ ಸರ್ಕಾರವೊಂದು ಯಾವ ಖರ್ಚನ್ನು ಮೆಚ್ಚುತ್ತದೆ ಎಂಬುದು ಅದರ ಭಾಷಣಗಳಿಗಿಂತ ಅದು ಕೊಡುವ ವಿನಾಯಿತಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಸಿ ಪ್ರಕರಣವು ಬೋಧನಾ ಶುಲ್ಕಕ್ಕೆ ಕೊಟ್ಟ ಹಣವನ್ನು, ಉಳಿತಾಯದ ಇತರ ಬಾಬುಗಳೊಡನೆ ಸೇರಿಸಿ ಒಟ್ಟು 1.5 ಲಕ್ಷ ರೂಪಾಯಿಗಳ ಮಿತಿಯೊಳಗೆ, ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಲು ಅವಕಾಶ ನೀಡಿತು. ಆದರೆ ಅದು ಇಬ್ಬರು ಮಕ್ಕಳ ಶುಲ್ಕಕ್ಕೆ ಮಾತ್ರ ಅನ್ವಯಿಸುತ್ತಿತ್ತು, ಆ ಮಕ್ಕಳ ಶಿಕ್ಷಣವೂ ಪೂರ್ಣಾವಧಿಯದೇ ಆಗಿರಬೇಕಿತ್ತು. ಇದರ ಫಲವಾಗಿ, ಮಗಳ ಪದವಿ ಕಾಲೇಜಿನ ಶುಲ್ಕ ಕಟ್ಟಿದ ಗುಮಾಸ್ತನಿಗೆ ವಿನಾಯಿತಿ ದೊರೆಯುತ್ತಿದ್ದು, ಅದೇ ವರ್ಷ ತಾನೇ ಸಂಜೆ ಕಾಲೇಜಿಗೆ ಸೇರಿ ಕಟ್ಟಿದ ಶುಲ್ಕಕ್ಕೆ ಕವಡೆಯಷ್ಟೂ ದೊರೆಯುತ್ತಿರಲಿಲ್ಲ. ಮಗಳ ಓದು ಕುಟುಂಬದ ಕರ್ತವ್ಯ, ಅಪ್ಪನ ಓದು ಅವನ ಸ್ವಂತ ಹವ್ಯಾಸ ಎಂಬ ತೀರ್ಪು ಕಾಯ್ದೆಯ ಮೌನದಲ್ಲಿ ಅಡಗಿದೆ.

ಉನ್ನತ ಶಿಕ್ಷಣದ ಸಾಲದ ಮೇಲಿನ ಬಡ್ಡಿಗೆ ಸಂಬಂಧಿಸಿದ 80ಇ ಪ್ರಕರಣದ ಕಥೆ ಸ್ವಲ್ಪ ಬೇರೆ. ತೆರಿಗೆದಾರನು ತನ್ನ ಸ್ವಂತ ವ್ಯಾಸಂಗಕ್ಕಾಗಿ ಮಾಡಿದ ಸಾಲವನ್ನೇ ಅದು ಮೊದಲು ಗಮನದಲ್ಲಿಟ್ಟುಕೊಂಡಿತ್ತು. ಗಂಡ ಹೆಂಡತಿ ಮತ್ತು ಮಕ್ಕಳ ಓದಿಗಾಗಿ ಮಾಡಿದ ಸಾಲ ಅದರ ವ್ಯಾಪ್ತಿಗೆ ಬಂದದ್ದು 2007ರ ತಿದ್ದುಪಡಿಯಿಂದ. ಆದರೂ 2009ರ ಹಣಕಾಸು ಕಾಯ್ದೆ ಬರುವ ತನಕ ಆ ಪ್ರಕರಣದ ಮಟ್ಟಿಗೆ ಉನ್ನತ ಶಿಕ್ಷಣವೆಂದರೆ ಎಂಜಿನಿಯರಿಂಗ್, ವೈದ್ಯಕೀಯ, ಮ್ಯಾನೇಜ್‌ಮೆಂಟ್ ಮುಂತಾಗಿ ಹೆಸರಿಸಿದ ಕೆಲವು ವಿಷಯಗಳ ಪೂರ್ಣಾವಧಿ ವ್ಯಾಸಂಗ ಎಂದೇ ಅರ್ಥವಿತ್ತು. ಅಂದರೆ ಕಾಯ್ದೆಗೆ ಕಂಡದ್ದು ಓದಿ ಮುಗಿಸಿ ದುಡಿಮೆಗೆ ಇಳಿದವನು. ದುಡಿಯುತ್ತಲೇ ಓದುತ್ತಿರುವವನು ಅದರ ಕಣ್ಣಿಗೆ ಬೀಳಲಿಲ್ಲ. 2009ರ ತಿದ್ದುಪಡಿಯು ಪದವಿಪೂರ್ವ ಮಟ್ಟದ ಪರೀಕ್ಷೆ ಮುಗಿದ ಮೇಲಿನ ಯಾವುದೇ ವ್ಯಾಸಂಗವೂ ಆಗಬಹುದೆಂದು ಬಾಗಿಲನ್ನು ಅಗಲಿಸಿತು, ಬಡ್ಡಿಯ ಮೊತ್ತಕ್ಕೆ ಮಿತಿಯೂ ಇರಲಿಲ್ಲ, ಎಂಟು ವರ್ಷಗಳ ಕಾಲ ಈ ಸೌಲಭ್ಯ ಪಡೆಯಬಹುದಾಗಿತ್ತು. ಇಷ್ಟಾದರೂ ಒಂದು ವಿಚಿತ್ರ ಉಳಿಯಿತು: ಸಾಲ ಮಾಡಿ ಓದಿದವನಿಗೆ ವಿನಾಯಿತಿ, ತಿಂಗಳ ಸಂಬಳದಲ್ಲಿ ಹೊಟ್ಟೆಬಟ್ಟೆ ಕಟ್ಟಿ ಉಳಿಸಿ ಶುಲ್ಕ ಕಟ್ಟಿದವನಿಗೆ ಏನೂ ಇಲ್ಲ. 2023–24ರಿಂದ ತಾನಾಗಿ ಅನ್ವಯಿಸುವಂತಾದ ಹೊಸ ತೆರಿಗೆ ಪದ್ಧತಿಯಲ್ಲಿ ಈ ಎರಡು ವಿನಾಯಿತಿಗಳೂ ಇಲ್ಲದಿರುವುದರಿಂದ, ಆ ಪದ್ಧತಿಯಲ್ಲಿರುವವರ ಪಾಲಿಗೆ ಈ ಅಸಮತೆ ಒಂದು ರೀತಿಯಲ್ಲಿ ನಿವಾರಣೆಯಾಗಿದೆ, ಯಾರಿಗೂ ಏನೂ ಕೊಡದಿರುವ ಮೂಲಕ.

ಭವಿಷ್ಯನಿಧಿಯ ನಿಯಮ ಇದಕ್ಕಿಂತಲೂ ಸ್ವಾರಸ್ಯಕರವಾದದ್ದು. ಭವಿಷ್ಯನಿಧಿ, ಅಂದರೆ ಜನ ಪಿ.ಎಫ್. ಎಂದು ಕರೆಯುವ ಖಾತೆ, ಕಾರ್ಮಿಕನು ತನ್ನ ಸಂಬಳದಿಂದಲೇ ಕೂಡಿಟ್ಟ ಹಣ ಮತ್ತು ಮಾಲೀಕನು ಅದಕ್ಕೆ ಸೇರಿಸಿದ ಪಾಲು. 1952ರ ನೌಕರರ ಭವಿಷ್ಯನಿಧಿ ಯೋಜನೆಯ 68ಕೆ ಕಂಡಿಕೆಯು ಏಳು ವರ್ಷ ಸದಸ್ಯನಾಗಿದ್ದವನು ತನ್ನ ಪಾಲಿನ ಅರ್ಧದಷ್ಟನ್ನು ಕೆಲವು ಉದ್ದೇಶಗಳಿಗೆ ಮುಂಗಡವಾಗಿ ಪಡೆಯಬಹುದೆಂದು ಹೇಳಿ, ಆ ಉದ್ದೇಶಗಳನ್ನು ಎಣಿಸಿತು: ಸದಸ್ಯನ ಸ್ವಂತ ಮದುವೆ, ಅವನ ಮಕ್ಕಳ ಮದುವೆ, ಒಡಹುಟ್ಟಿದವರ ಮದುವೆ, ಹಾಗೂ ಮಗನ ಅಥವಾ ಮಗಳ ಮೆಟ್ರಿಕ್ ನಂತರದ ಓದು. ಸ್ವಂತ ಮದುವೆ ಪಟ್ಟಿಯಲ್ಲಿದೆ. ಸ್ವಂತ ಓದು ಇಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಲೇತ್ ಯಂತ್ರದ ಮುಂದೆ ನಿಂತ ಐ.ಟಿ.ಐ. ಪಾಸಾದ ಕಾರ್ಮಿಕನೊಬ್ಬ ಡಿಪ್ಲೊಮಾ, ಆಮೇಲೆ ಪದವಿ ಎಂದು ಮೇಲೇರಲು ಬಯಸಿದರೆ ಅವನದೇ ಹಣ ಅವನ ನೆರವಿಗೆ ಬರಲು ಈ ಕಂಡಿಕೆಯಲ್ಲಿ ದಾರಿ ಇರಲಿಲ್ಲ, ತಂಗಿಯ ಮದುವೆ ಗೊತ್ತಾದರೆ ಇತ್ತು. ಭಾಗಶಃ ಹಿಂಪಡೆಯುವಿಕೆಗೆ ಸಂಬಂಧಿಸಿದ ಇಂತಹ 13 ಬಗೆಯ ನಿಯಮಗಳನ್ನು ಒಟ್ಟುಗೂಡಿಸಿ ಮೂರು ಗುಂಪುಗಳಿಗೆ ಇಳಿಸುವ ತೀರ್ಮಾನವನ್ನು ಭವಿಷ್ಯನಿಧಿಯ ಕೇಂದ್ರ ಮಂಡಳಿಯು ಕೈಗೊಂಡದ್ದು 2025ರ ಅಕ್ಟೋಬರ್‌ನಲ್ಲಿ, ಅಂದರೆ ಮೂಲ ಯೋಜನೆ ಬಂದ 73 ವರ್ಷಗಳ ನಂತರ.

ಬ್ಯಾಂಕುಗಳ ಶಿಕ್ಷಣ ಸಾಲದ ರಚನೆಯಲ್ಲೂ ಇದೇ ಊಹೆ ಕೆಲಸ ಮಾಡುತ್ತದೆ. ಭಾರತೀಯ ಬ್ಯಾಂಕುಗಳ ಸಂಘವು 2001ರಲ್ಲಿ ರೂಪಿಸಿದ ಮಾದರಿ ಯೋಜನೆಯನ್ನು ಆಧಾರವಾಗಿ ಇಟ್ಟುಕೊಂಡು ಬೆಳೆದ ಈ ಸಾಲದ ಮುಖ್ಯ ಲಕ್ಷಣವೆಂದರೆ ವ್ಯಾಸಂಗದ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಮರುಪಾವತಿಗೆ ಕೊಡುವ ಬಿಡುವು. ಓದುವಾಗ ವಿದ್ಯಾರ್ಥಿಗೆ ಆದಾಯವಿರುವುದಿಲ್ಲ, ಓದು ಮುಗಿದ ಮೇಲೆ ಒಮ್ಮೆಲೇ ಆದಾಯ ಬರುತ್ತದೆ ಎಂಬ ನಂಬಿಕೆಯ ಮೇಲೆ ಈ ಬಿಡುವು ನಿಂತಿದೆ. ಅರೆಕಾಲಿಕ ವಿದ್ಯಾರ್ಥಿಯ ಬದುಕು ಇದಕ್ಕೆ ತದ್ವಿರುದ್ಧ: ಅವನಿಗೆ ಓದುವಾಗಲೂ ಆದಾಯವಿದೆ, ಆದರೆ ಅದು ಈಗಾಗಲೇ ಬಾಡಿಗೆ, ರೇಷನ್, ಮಕ್ಕಳ ಶಾಲೆ, ಊರಿನಲ್ಲಿರುವವರ ಔಷಧಿ ಎಂದು ಹಂಚಿಹೋಗಿದೆ, ಓದು ಮುಗಿದ ಮೇಲೆ ಅದು ಏರಬಹುದು, ಏರದೆಯೂ ಇರಬಹುದು. ಅವನಿಗೆ ಬೇಕಾದದ್ದು ಹತ್ತು ಲಕ್ಷದ ಸಾಲವೂ ಅಲ್ಲ, ಐದು ವರ್ಷದ ಬಿಡುವೂ ಅಲ್ಲ. ವರ್ಷದ ಆರಂಭದಲ್ಲಿ ಒಂದೇ ಗಂಟಾಗಿ ಕಟ್ಟಬೇಕಾದ ಕೆಲವು ಸಾವಿರ ರೂಪಾಯಿಗಳನ್ನು ಹನ್ನೆರಡು ತಿಂಗಳ ಸಂಬಳದ ಮೇಲೆ ಹರಡಿಕೊಳ್ಳುವ ಉಪಾಯವೊಂದು ಸಿಕ್ಕರೆ ಸಾಕು, ಆದರೆ ಇಷ್ಟು ಸಣ್ಣ ಸಾಲದ ಕಡತ ತೆರೆಯಲು ಬ್ಯಾಂಕಿಗೆ ಉತ್ಸಾಹವಿರುವುದಿಲ್ಲ.

ವಿದ್ಯಾರ್ಥಿವೇತನಗಳ ಪೈಕಿ ಒಂದನ್ನಾದರೂ ಇಲ್ಲಿ ಗೌರವದಿಂದ ಹೆಸರಿಸಬೇಕು. 1944ರಲ್ಲಿ ಆರಂಭವಾದ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ ಇರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮಾವಳಿಯು ಉದ್ಯೋಗದಲ್ಲಿರುವ ವಿದ್ಯಾರ್ಥಿಯನ್ನು ಬಹುಕಾಲದಿಂದ ಗುರುತಿಸುತ್ತ ಬಂದಿದೆ. ಅವನ ಮತ್ತು ಪೋಷಕರ ಒಟ್ಟು ಆದಾಯ ನಿಗದಿತ ಮಿತಿಯನ್ನು ಮೀರದಿದ್ದರೆ, ನಿರ್ವಹಣಾ ಭತ್ಯೆ ಇಲ್ಲದಿದ್ದರೂ, ಕಡ್ಡಾಯವಾಗಿ ಕಟ್ಟಬೇಕಾದ ಮತ್ತು ಹಿಂದಿರುಗದ ಶುಲ್ಕಗಳನ್ನು ಭರಿಸಿಕೊಡುವ ಅವಕಾಶವನ್ನು ಅದು ಕಲ್ಪಿಸಿತು, ಅಂಚೆ ತೆರಪಿನಲ್ಲಿ ಓದುವವರಿಗೆ ಶುಲ್ಕದ ಜೊತೆಗೆ ಪುಸ್ತಕಗಳಿಗೆಂದು ಪ್ರತ್ಯೇಕ ಮೊತ್ತವನ್ನೂ ಇಟ್ಟಿತು. ಹೊಟ್ಟೆಪಾಡಿಗೆ ಅವನು ದುಡಿಯುತ್ತಾನೆ, ಆದರೆ ಓದಿನ ಖರ್ಚನ್ನು ಆ ದುಡಿಮೆಯಿಂದ ಕಿತ್ತುಕೊಳ್ಳಬೇಕಾಗಿಲ್ಲ ಎಂಬ ಈ ವಿವೇಕ ಉಳಿದ ಕಡೆಗೆ ಹರಡಲಿಲ್ಲ.

ಶುಲ್ಕದ ಮಾತು ಇಷ್ಟಾದರೆ, ಅರೆಕಾಲಿಕ ಓದಿನ ನಿಜವಾದ ಬೆಲೆಯಲ್ಲಿ ಶುಲ್ಕ ಎಷ್ಟರ ಭಾಗ ಎಂಬುದನ್ನೂ ನೋಡಬೇಕಾಗುತ್ತದೆ. ಈಗಿನ ವಿಶ್ವವಿದ್ಯಾನಿಲಯಗಳಲ್ಲಿ ಓದನ್ನು ಅಳೆಯುವ ಮಾನಕ್ಕೆ ಕ್ರೆಡಿಟ್ ಎಂದು ಹೆಸರು. ಇಷ್ಟು ಗಂಟೆಗಳ ಕಲಿಕೆಗೆ ಒಂದು ಕ್ರೆಡಿಟ್ ಎಂಬ ಲೆಕ್ಕದಲ್ಲಿ ಪದವಿಯೊಂದನ್ನು ತುಂಡು ತುಂಡಾಗಿ ಎಣಿಸಲಾಗುತ್ತದೆ. 1985ರ ಕಾಯ್ದೆಯಿಂದ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಒಂದು ಕ್ರೆಡಿಟ್‌ಗೆ 30 ಗಂಟೆಗಳ ಅಧ್ಯಯನವನ್ನು ನಿಗದಿಮಾಡಿದೆ, ಇದರಲ್ಲಿ ಪಾಠ ಓದುವುದು, ನಿಯೋಜಿತ ಬರಹಗಳನ್ನು ಬರೆಯುವುದು, ಸಂಪರ್ಕ ತರಗತಿಗೆ ಹೋಗುವುದು ಎಲ್ಲವೂ ಸೇರುತ್ತದೆ. ಈ ಲೆಕ್ಕದಂತೆ 132 ಕ್ರೆಡಿಟ್‌ಗಳ ಬಿ.ಎ. ಪದವಿ ಬೇಡುವುದು 3,960 ಗಂಟೆಗಳನ್ನು. ಮೂರು ವರ್ಷಗಳಲ್ಲಿ ಮುಗಿಸುವವನು ಭಾನುವಾರವನ್ನೂ ಬಿಡದೆ ದಿನಕ್ಕೆ ಮೂರೂವರೆ ಗಂಟೆಗೂ ಮಿಕ್ಕಿ ಓದಬೇಕು, ಆರು ವರ್ಷಗಳ ಗರಿಷ್ಠ ಅವಧಿಯನ್ನು ಪೂರ್ತಿ ಬಳಸಿಕೊಂಡರೂ ವಾರಕ್ಕೆ ಹನ್ನೆರಡು ಹದಿಮೂರು ಗಂಟೆಗಳು ಬೇಕು. ಕಾರ್ಖಾನೆಯಲ್ಲಿ ಓ.ಟಿ. ಮಾಡುವವನಿಗೆ ಈ ಗಂಟೆಗಳಿಗೆ ನೇರವಾದ ಬೆಲೆಯಿದೆ. ದಿನಗೂಲಿಯವನು ಪರೀಕ್ಷೆಯ ದಿನ ಕಳೆದುಕೊಳ್ಳುವುದು ಒಂದು ದಿನದ ಕೂಲಿ, ರಜೆ ಮುಗಿದಿರುವ ಗಾರ್ಮೆಂಟ್ಸ್ ಕಾರ್ಮಿಕಳು ಕಳೆದುಕೊಳ್ಳುವುದು ಸಂಬಳದ ಜೊತೆಗೆ ಹಾಜರಾತಿಯ ಬೋನಸ್ಸನ್ನೂ. ಅಧ್ಯಯನ ಕೇಂದ್ರ ಜಿಲ್ಲಾ ಕೇಂದ್ರದಲ್ಲಿದ್ದು ವಿದ್ಯಾರ್ಥಿ ಹೋಬಳಿಯಲ್ಲಿದ್ದರೆ ಬಸ್ಸಿನ ಖರ್ಚು, ಹೊರಗಿನ ಊಟ, ಒಮ್ಮೊಮ್ಮೆ ರಾತ್ರಿಯ ತಂಗುವಿಕೆ ಸೇರಿಕೊಳ್ಳುತ್ತವೆ. ಗೃಹಿಣಿಯ ಗಂಟೆಗಳಿಗೆ ಬೆಲೆಯೇ ಇಲ್ಲವೆಂದು ಮನೆಯವರು ಭಾವಿಸುವುದರಿಂದ ಅವಳ ಓದು ಎಲ್ಲಕ್ಕಿಂತ ಅಗ್ಗವೆಂದು ತೋರುತ್ತದೆ, ಆ ಗಂಟೆಗಳನ್ನು ಅವಳು ತನ್ನ ನಿದ್ದೆಯಿಂದ ತೆಗೆದುಕೊಳ್ಳುತ್ತಾಳೆ ಎಂಬುದು ಯಾವ ಲೆಕ್ಕದ ಪುಸ್ತಕದಲ್ಲೂ ಏರುವುದಿಲ್ಲ.

ಕರ್ನಾಟಕದಲ್ಲಿ ಈ ಬೆಲೆಯನ್ನು ತೆರುವ ಹಲವು ಬಗೆಗಳು ಒಂದು ಕಾಲದ ಬೆಂಗಳೂರಿನ ಸಂಜೆ ಕಾಲೇಜುಗಳಲ್ಲಿ ಒಟ್ಟಿಗೆ ಕಾಣುತ್ತಿದ್ದವು. ಹೆಚ್.ಎ.ಎಲ್., ಹೆಚ್.ಎಂ.ಟಿ., ಬಿ.ಇ.ಎಲ್., ದೂರವಾಣಿ ಕಾರ್ಖಾನೆಯಾದ ಐ.ಟಿ.ಐ. ಮುಂತಾದ ಸಾರ್ವಜನಿಕ ಉದ್ಯಮಗಳೂ ಬ್ಯಾಂಕು, ವಿಮೆ, ಅಂಚೆ, ಸಚಿವಾಲಯದ ಕಚೇರಿಗಳೂ ನಿಗದಿತ ವೇಳೆಗೆ ಬಾಗಿಲು ಮುಚ್ಚುತ್ತಿದ್ದುದರಿಂದ ಸಂಜೆ ಆರರ ನಂತರ ತರಗತಿ ನಡೆಸುವ ಕಲೆ, ವಾಣಿಜ್ಯ, ಕಾನೂನು ಕಾಲೇಜುಗಳಿಗೆ ವಿದ್ಯಾರ್ಥಿಗಳ ಕೊರತೆಯಿರಲಿಲ್ಲ; ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಡಿಪ್ಲೊಮಾ ಆದವರು ದುಡಿಯುತ್ತಲೇ ಬಿ.ಇ. ಓದುವ ಅರೆಕಾಲಿಕ ವ್ಯವಸ್ಥೆಯಿತ್ತು. ಬ್ಯಾಂಕುಗಳಲ್ಲಿ ಇದಕ್ಕೆ ಇನ್ನೊಂದು ಆಕರ್ಷಣೆ ಸೇರಿಕೊಂಡಿತು. ಕಾರ್ಮಿಕ ಸಂಘಗಳೊಡನೆ ಆದ ದ್ವಿಪಕ್ಷೀಯ ಒಪ್ಪಂದಗಳ ಪ್ರಕಾರ, ಸೇವೆಯಲ್ಲಿರುವಾಗ ಪದವಿ ಪಡೆದ ಗುಮಾಸ್ತನಿಗೂ, ಮುಂಬಯಿಯ ಬ್ಯಾಂಕಿಂಗ್ ಸಂಸ್ಥೆ ನಡೆಸುವ ವೃತ್ತಿಪರೀಕ್ಷೆ ಪಾಸು ಮಾಡಿದವನಿಗೂ ಹೆಚ್ಚುವರಿ ವಾರ್ಷಿಕ ಬಡ್ತಿಗಳು ಸಿಗುತ್ತಿದ್ದವು, ಬಡ್ತಿಯೆಂದರೆ ಇಲ್ಲಿ ಹುದ್ದೆಯ ಏರಿಕೆಯಲ್ಲ, ಮೂಲವೇತನಕ್ಕೆ ಸೇರಿ ನಿವೃತ್ತಿಯ ತನಕ ತಿಂಗಳು ತಿಂಗಳೂ ಬರುವ ಮೊತ್ತ. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಎಂದು ನಾಲ್ಕು ದೊಡ್ಡ ಬ್ಯಾಂಕುಗಳನ್ನು ಹೆತ್ತ ಕರಾವಳಿಯ ಯುವಕರು ಹತ್ತನೆಯ ತರಗತಿಯೋ ಪಿಯುಸಿಯೋ ಮುಗಿಸಿ ಗುಮಾಸ್ತಿಕೆಗೆ ಸೇರಿ, ದೂರದ ಊರಿನ ಶಾಖೆಯಲ್ಲಿ ಕುಳಿತು ಬಿ.ಕಾಂ. ಮುಗಿಸುವುದು ಈ ಏರ್ಪಾಡಿನಲ್ಲಿ ಲಾಭದಾಯಕವಾದ ಕೆಲಸವಾಗಿತ್ತು. ಸಾಲವಿಲ್ಲದೆ, ಅನುದಾನವಿಲ್ಲದೆ, ಓದಿನ ಖರ್ಚನ್ನು ಓದು ಮುಗಿದ ಮೇಲೆ ಮಾಲೀಕನೇ ಸಂಬಳದ ಮೂಲಕ ತೀರಿಸುವ ಈ ಕ್ರಮವನ್ನು ಶಿಕ್ಷಣದ ಅರ್ಥಶಾಸ್ತ್ರ ಬರೆದವರು ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲ.

ಇಂತಹ ಮಾಲೀಕರಿಲ್ಲದವರಿಗೆ ಉಳಿದ ದಾರಿ ಅಂಚೆಯದು. ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಆರಂಭಿಸಿದ ಅಂಚೆ ಶಿಕ್ಷಣವನ್ನು ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಕೈಗೆತ್ತಿಕೊಂಡಿತು. ಆ ಸಂಸ್ಥೆಯೇ 1996ರ ಜೂನ್ 1ರಂದು ಮೈಸೂರಿನ ಮುಕ್ತಗಂಗೋತ್ರಿಯಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಸ್ವತಂತ್ರವಾಯಿತು. ಶಾಲಾ ಶಿಕ್ಷಕರು, ಪೊಲೀಸ್ ಪೇದೆಗಳು, ಗ್ರಾಮಲೆಕ್ಕಿಗರು, ಮದುವೆಯಾಗಿ ಓದು ನಿಂತ ಹೆಣ್ಣುಮಕ್ಕಳು ಎಂಥ ದೊಡ್ಡ ಸಂಖ್ಯೆಯಲ್ಲಿ ಈ ಬಾಗಿಲಿನಿಂದ ಪದವಿಯ ಲೋಕಕ್ಕೆ ಬಂದರೆಂಬುದು ನಾಡಿಗೆ ತಿಳಿದ ಸಂಗತಿ. ಅಷ್ಟಾಗಿ ಚರ್ಚೆಗೆ ಬಾರದ ಸಂಗತಿಯೊಂದಿದೆ. ದೇಶದ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಅಂಚೆ ಶಿಕ್ಷಣದ ವಿಭಾಗ ಆದಾಯ ತರುವ ವಿಭಾಗವಾಗಿ ಬೆಳೆಯಿತು. ಕಟ್ಟಡ, ಪ್ರಯೋಗಾಲಯ, ವಿದ್ಯಾರ್ಥಿನಿಲಯಗಳ ಖರ್ಚಿಲ್ಲದ ಈ ವಿದ್ಯಾರ್ಥಿಗಳು ಕಟ್ಟಿದ ಶುಲ್ಕದಲ್ಲಿ ಉಳಿಕೆಯಾದದ್ದು ಹಗಲು ವಿದ್ಯಾರ್ಥಿಗಳ ವಿಭಾಗಗಳಿಗೆ ಆಸರೆಯಾಯಿತು. ಸರ್ಕಾರದ ಅನುದಾನದಲ್ಲಿ ಓದುವ ಪೂರ್ಣಾವಧಿ ವಿದ್ಯಾರ್ಥಿಯ ಖರ್ಚಿನ ಒಂದಂಶವನ್ನು ದುಡಿದು ಓದುವವನು ಹೊತ್ತನೆಂದರೆ, ಸಹಾಯಧನವೆಂಬ ಮಾತಿನ ಅರ್ಥವೇ ತಲೆಕೆಳಗಾಗುತ್ತದೆ.

ಶುಲ್ಕದ ಗಂಟನ್ನು ಹೊಂದಿಸಲು ಜನ ತಾವೇ ಕಂಡುಕೊಂಡ ದಾರಿಗಳಲ್ಲಿ ಚೀಟಿಗೆ ಮೊದಲ ಸ್ಥಾನ. ಇಪ್ಪತ್ತು ಮಂದಿ ತಿಂಗಳಿಗೆ ಸಾವಿರದಂತೆ ಇಪ್ಪತ್ತು ತಿಂಗಳು ಕಟ್ಟುವ ಚೀಟಿಯಲ್ಲಿ ಪ್ರತಿ ತಿಂಗಳೂ ಕೂಡುವ ಇಪ್ಪತ್ತು ಸಾವಿರವನ್ನು ಹರಾಜಿಗಿಟ್ಟಾಗ, ಶುಲ್ಕದ ಕೊನೆಯ ದಿನಾಂಕ ಹತ್ತಿರ ಬಂದವನು ಮೂರು ಸಾವಿರ ಬಿಟ್ಟು ಹದಿನೇಳು ಸಾವಿರಕ್ಕೆ ಕೂಗಿಕೊಳ್ಳಬಹುದು. ಅವನು ಬಿಟ್ಟ ಮೂರು ಸಾವಿರವೇ ಅವನು ತೆರುವ ಬಡ್ಡಿ, ಚೀಟಿ ನಡೆಸುವವನ ಕಮಿಷನ್ ಕಳೆದು ಅದು ಎಲ್ಲ ಸದಸ್ಯರಿಗೂ ಹಂಚಿಕೆಯಾಗುತ್ತದೆ. 1982ರ ಚಿಟ್ ಫಂಡ್ ಕಾಯ್ದೆಯಲ್ಲಿ ಈ ಕಮಿಷನ್ನಿಗೆ ಇದ್ದ ಶೇಕಡಾ 5ರ ಮಿತಿ 2019ರ ತಿದ್ದುಪಡಿಯಿಂದ ಶೇಕಡಾ 7ಕ್ಕೆ ಏರಿತು. ನೋಂದಣಿಯಿಲ್ಲದ ಬೀದಿಯ ಚೀಟಿಗಳಿಗೆ ಇಂತಹ ಮಿತಿಯ ರಕ್ಷಣೆಯಿಲ್ಲ, ಚೀಟಿ ನಡೆಸುವವರು ಊರು ಬಿಟ್ಟ ಸುದ್ದಿಗಳಿಗೂ ಬರವಿಲ್ಲ. ಆದರೂ ಚೀಟಿಯ ಆಕಾರ ಅರೆಕಾಲಿಕ ವಿದ್ಯಾರ್ಥಿಯ ಅಗತ್ಯಕ್ಕೆ ಬ್ಯಾಂಕ್ ಸಾಲಕ್ಕಿಂತ ಹೆಚ್ಚು ಹತ್ತಿರದ್ದು: ತಿಂಗಳಿಗಿಷ್ಟು ಎಂದು ಕಟ್ಟುವುದು, ಬೇಕಾದ ತಿಂಗಳು ಗಂಟಾಗಿ ಎತ್ತುವುದು. ನೌಕರರ ಪತ್ತಿನ ಸಹಕಾರ ಸಂಘಗಳೂ ಮಹಿಳೆಯರ ಸ್ವಸಹಾಯ ಸಂಘಗಳೂ ಮಾಡುವುದು ಇದೇ ಕೆಲಸವನ್ನು, ಇನ್ನಷ್ಟು ಕಡಿಮೆ ಬೆಲೆಗೆ, ಹೆಚ್ಚಿನ ಭದ್ರತೆಯೊಡನೆ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರ ಸಂಘವೊಂದು ಹುಟ್ಟಿದ ನಾಡಿನಲ್ಲಿ, ಬೀಜಕ್ಕೂ ಗೊಬ್ಬರಕ್ಕೂ ಮನೆ ಕಟ್ಟುವುದಕ್ಕೂ ಇರುವಂತೆ ವಯಸ್ಕರ ವ್ಯಾಸಂಗಕ್ಕೆಂದೇ ಸಹಕಾರಿ ಸಾಲದ ಬಾಬೊಂದು ಊರೂರಲ್ಲೂ ಬೇರೂರಲಿಲ್ಲವೇಕೆ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಸಾಲವೇ ಪರಿಹಾರವೆಂದು ನಂಬಿ ನಡೆದ ದೇಶದ ಅನುಭವವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ದುಡಿಯುವವರ ಉನ್ನತ ಶಿಕ್ಷಣದಲ್ಲಿ ಇಂಗ್ಲೆಂಡಿಗೆ ದೀರ್ಘ ಪರಂಪರೆಯಿದೆ: 1823ರಲ್ಲಿ ಕುಶಲಕರ್ಮಿಗಳಿಗಾಗಿ ಲಂಡನ್ನಿನಲ್ಲಿ ಹುಟ್ಟಿದ ಸಂಸ್ಥೆ ಇಂದಿಗೂ ಸಂಜೆಯ ತರಗತಿಗಳಿಗೆ ಹೆಸರಾದ ಬರ್ಕ್‌ಬೆಕ್ ಕಾಲೇಜಾಗಿದೆ, ಲಂಡನ್ ವಿಶ್ವವಿದ್ಯಾನಿಲಯ 1858ರಿಂದಲೇ ತನ್ನಲ್ಲಿಗೆ ಬಾರದವರಿಗೂ ಪರೀಕ್ಷೆ ಬರೆದು ಪದವಿ ಪಡೆಯುವ ಅವಕಾಶ ಕೊಟ್ಟಿತು, ಪ್ರಧಾನಿಯಾಗುವ ಮುನ್ನ 1963ರಲ್ಲಿ ಹೆರಾಲ್ಡ್ ವಿಲ್ಸನ್ ಮುಂದಿಟ್ಟ, ಬಾನುಲಿ ದೂರದರ್ಶನಗಳ ಮೂಲಕ ಕಲಿಸುವ ವಿಶ್ವವಿದ್ಯಾನಿಲಯದ ಕಲ್ಪನೆ ಜೆನ್ನಿ ಲೀ ಅವರ ಹಠದಿಂದ 1969ರಲ್ಲಿ ಓಪನ್ ಯೂನಿವರ್ಸಿಟಿಯಾಗಿ ರೂಪುಗೊಂಡು 1971ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಈ ಎಲ್ಲ ಸಂಸ್ಥೆಗಳಲ್ಲಿ ಶುಲ್ಕ ಕಡಿಮೆಯಿದ್ದುದಕ್ಕೆ ಕಾರಣ ಸರ್ಕಾರ ಬೋಧನೆಯ ಖರ್ಚಿನ ದೊಡ್ಡ ಪಾಲನ್ನು ನೇರವಾಗಿ ಸಂಸ್ಥೆಗೇ ಕೊಡುತ್ತಿದ್ದುದು. ಮೊದಲ ಪೆಟ್ಟು 2008ರಲ್ಲಿ ಬಿತ್ತು. ಈಗಾಗಲೇ ಒಂದು ಪದವಿ ಇರುವವನು ಅದಕ್ಕೆ ಸಮಾನವಾದ ಅಥವಾ ಅದಕ್ಕಿಂತ ಕೆಳಗಿನ ಮಟ್ಟದ ಇನ್ನೊಂದು ವ್ಯಾಸಂಗಕ್ಕೆ ಸೇರಿದರೆ ಅವನ ಪರವಾಗಿ ಸಂಸ್ಥೆಗೆ ಕೊಡುತ್ತಿದ್ದ ಹಣವನ್ನು ನಿಲ್ಲಿಸಲಾಯಿತು. ನಡುವಯಸ್ಸಿನಲ್ಲಿ ಕಸುಬು ಬದಲಿಸಲು ಓದುವವರೇ ತುಂಬಿದ್ದ ಅರೆಕಾಲಿಕ ಸಂಸ್ಥೆಗಳಿಗೆ ಇದರ ಹೊರೆ ಎಲ್ಲರಿಗಿಂತ ಹೆಚ್ಚಾಗಿ ತಟ್ಟಿತು.

ದೊಡ್ಡ ಬದಲಾವಣೆಯಾದದ್ದು 2012ರಲ್ಲಿ. ಸರ್ಕಾರ ಬೋಧನೆಗೆ ಕೊಡುತ್ತಿದ್ದ ಅನುದಾನದ ಬಹುಭಾಗವನ್ನು ಕಡಿದು, ಪೂರ್ಣಾವಧಿ ವಿದ್ಯಾರ್ಥಿಗಳ ವಾರ್ಷಿಕ ಶುಲ್ಕದ ಮಿತಿಯನ್ನು 9,000 ಪೌಂಡ್‌ಗಳಿಗೆ ಏರಿಸಿ, ಅರೆಕಾಲಿಕರಿಗೆ 6,750 ಪೌಂಡ್‌ಗಳ ಮಿತಿಯನ್ನು ಗೊತ್ತುಮಾಡಿತು. ಓಪನ್ ಯೂನಿವರ್ಸಿಟಿ ಇಂಗ್ಲೆಂಡಿನ ವಿದ್ಯಾರ್ಥಿಗಳಿಗೆ ಪೂರ್ಣಾವಧಿಯ ಒಂದು ವರ್ಷಕ್ಕೆ ಸಮನಾದ 120 ಕ್ರೆಡಿಟ್‌ಗಳ ಓದಿಗೆ 5,000 ಪೌಂಡ್ ನಿಗದಿಮಾಡಿತು, ಅದು ಹಿಂದಿನ ಶುಲ್ಕದ ಹಲವು ಪಟ್ಟು. ಇದಕ್ಕೆ ಪ್ರತಿಯಾಗಿ ಅರೆಕಾಲಿಕ ವಿದ್ಯಾರ್ಥಿಗಳಿಗೂ ಮೊದಲ ಬಾರಿಗೆ ಶುಲ್ಕದ ಸಾಲ ದೊರೆಯುವಂತಾಯಿತು, ಆದಾಯ 21,000 ಪೌಂಡ್ ದಾಟಿದ ಮೇಲಿನ ಭಾಗದಲ್ಲಿ ಶೇಕಡಾ 9ನ್ನು ಮಾತ್ರ ತೀರಿಸಿದರೆ ಸಾಕು, 30 ವರ್ಷಗಳ ನಂತರ ಉಳಿದದ್ದು ಮನ್ನಾ. ಕಾಗದದ ಮೇಲೆ ಇದು ಉದಾರವಾದ ಯೋಜನೆ, ಮುಂಗಡವಾಗಿ ಶುಲ್ಕ ಕಟ್ಟುತ್ತಿದ್ದವನಿಗೆ ಇನ್ನು ಮುಂದೆ ಬಿಡಿಗಾಸೂ ಕಟ್ಟದೆ ಓದುವ ಅವಕಾಶ. ನಡೆದದ್ದು ಬೇರೆ. ಕ್ಲೇರ್ ಕ್ಯಾಲೆಂಡರ್ ಮತ್ತು ಜಾನ್ ಥಾಂಪ್ಸನ್ ಅವರು ಸಟನ್ ಟ್ರಸ್ಟ್‌ಗಾಗಿ ಸಿದ್ಧಪಡಿಸಿ 2018ರಲ್ಲಿ ಪ್ರಕಟವಾದ ವರದಿಯ ಪ್ರಕಾರ 2010ರಿಂದ 2015ರ ನಡುವೆ ಇಂಗ್ಲೆಂಡಿನಲ್ಲಿ ಪದವಿ ಮಟ್ಟದ ಅರೆಕಾಲಿಕ ಪ್ರವೇಶಗಳು ಶೇಕಡಾ 51ರಷ್ಟು ಕುಸಿದವು.

ಕಾರಣಗಳನ್ನು ಹುಡುಕಿದರೆ ಮತ್ತೆ ಅದೇ ಚಿತ್ರ ಎದುರಾಗುತ್ತದೆ, ಏಕೆಂದರೆ ಈ ಸಾಲವೂ ಹದಿನೆಂಟರ ವಿದ್ಯಾರ್ಥಿಗಾಗಿ ಹೊಲಿದ ಅಂಗಿಯನ್ನೇ ನಲವತ್ತರವನಿಗೆ ತೊಡಿಸಿದಂತಿತ್ತು. ಪೂರ್ಣಾವಧಿ ಓದಿನ ಕಾಲುಭಾಗದಷ್ಟಾದರೂ ಓದದವನಿಗೆ ಸಾಲವಿಲ್ಲ, ಆದ್ದರಿಂದ ವರ್ಷಕ್ಕೊಂದು ಸಣ್ಣ ವಿಷಯ ಓದುತ್ತಿದ್ದವನು ಹೊರಗುಳಿದ; ಪದವಿಯಾಗಿದ್ದವನಿಗೆ ಸಾಲವಿಲ್ಲ, ಆದ್ದರಿಂದ ಕಸುಬು ಬದಲಿಸಲು ಬಂದವನು ಹೊರಗುಳಿದ. ಇವರೆಲ್ಲರೂ ಏರಿದ ಶುಲ್ಕವನ್ನು ಮಾತ್ರ ಪೂರ್ತಿ ಎದುರಿಸಬೇಕಾಯಿತು. ಸಾಲಕ್ಕೆ ಅರ್ಹರಾದವರೂ ಹಿಂಜರಿದರು. ಮನೆಯ ಸಾಲ, ಮಕ್ಕಳ ಖರ್ಚು ಇರುವ ವಯಸ್ಸಿನಲ್ಲಿ, ಫಲ ಖಚಿತವಿಲ್ಲದ ಓದಿಗಾಗಿ ಇನ್ನೊಂದು ಸಾಲವನ್ನು ತಲೆಗೆ ಕಟ್ಟಿಕೊಳ್ಳಲು ಜನ ಒಪ್ಪಲಿಲ್ಲ. ಇದಕ್ಕೆ ಇನ್ನೊಂದು ವಿಚಿತ್ರವೂ ಸೇರಿತ್ತು: ಅರೆಕಾಲಿಕ ಪದವಿ ಮುಗಿಯಲು ಆರು ವರ್ಷ ಬೇಕಾದರೂ, ವ್ಯಾಸಂಗ ಆರಂಭಿಸಿದ ನಾಲ್ಕು ವರ್ಷಗಳ ನಂತರದ ಏಪ್ರಿಲ್‌ನಿಂದಲೇ, ಓದು ನಡೆಯುತ್ತಿರುವಾಗಲೇ, ಮರುಪಾವತಿ ಆರಂಭವಾಗುತ್ತಿತ್ತು. ಜೀವನ ನಿರ್ವಹಣೆಯ ಸಾಲ ಅರೆಕಾಲಿಕರಿಗೆ ದೊರೆತದ್ದು 2018ರಲ್ಲಿ, ಅದೂ ತರಗತಿಗೆ ಹಾಜರಾಗುವವರಿಗೆ. ಮನೆಯಲ್ಲೇ ಓದುವ ದೂರಶಿಕ್ಷಣದವರನ್ನು, ಅಂಗವೈಕಲ್ಯದಿಂದಾಗಿ ಹೊರಹೋಗಲಾರದವರನ್ನು ಬಿಟ್ಟರೆ, ಹೊರಗಿಡಲಾಯಿತು.

ಅದೇ ದ್ವೀಪದ ಪಶ್ಚಿಮ ಭಾಗದಲ್ಲಿರುವ ವೇಲ್ಸ್ ಇನ್ನೊಂದು ದಾರಿ ಹಿಡಿಯಿತು. ಅದೇ ಓಪನ್ ಯೂನಿವರ್ಸಿಟಿಯ ಅದೇ ಪಾಠಗಳನ್ನು ವೇಲ್ಸ್‌ನ ನಿವಾಸಿ ಕಡಿಮೆ ಶುಲ್ಕದಲ್ಲಿ ಓದಬಹುದಾಗಿತ್ತು, ಏಕೆಂದರೆ ಅಲ್ಲಿನ ಸರ್ಕಾರ ಸಂಸ್ಥೆಗೆ ಕೊಡುವ ಅನುದಾನವನ್ನು ಉಳಿಸಿಕೊಂಡಿತು. ಇಯಾನ್ ಡೈಮಂಡ್ ಅವರ ಅಧ್ಯಕ್ಷತೆಯ ಸಮಿತಿಯ 2016ರ ಶಿಫಾರಸುಗಳಂತೆ 2018ರಿಂದ ಅರೆಕಾಲಿಕ ವಿದ್ಯಾರ್ಥಿಗೂ ಅವನ ಓದಿನ ಪ್ರಮಾಣಕ್ಕೆ ತಕ್ಕಷ್ಟು ನಿರ್ವಹಣಾ ನೆರವು, ಆದಾಯ ಕಡಿಮೆಯಿದ್ದಷ್ಟೂ ಅದರಲ್ಲಿ ಹಿಂದಿರುಗಿಸಬೇಕಿಲ್ಲದ ಅನುದಾನದ ಪಾಲು ಹೆಚ್ಚು ಎಂಬ ಕ್ರಮ ಜಾರಿಗೆ ಬಂದಾಗ ಅಲ್ಲಿ ಅರೆಕಾಲಿಕರ ಸಂಖ್ಯೆ ಏರಿತು. ಒಂದೇ ಪಠ್ಯ, ಒಂದೇ ಸಂಸ್ಥೆ, ಎರಡು ಬಗೆಯ ಹಣದ ಏರ್ಪಾಡು, ಎರಡು ಫಲ: ಸಮಾಜವಿಜ್ಞಾನದಲ್ಲಿ ಇಷ್ಟು ಸ್ಪಷ್ಟವಾದ ಹೋಲಿಕೆ ಸುಲಭವಾಗಿ ಸಿಗುವುದಿಲ್ಲ. ಅಮೆರಿಕದ ಕ್ರಮವನ್ನು ಒಂದು ಮಾತಿನಲ್ಲಿ ಹೇಳಿ ಬಿಡಬಹುದು. ಅಲ್ಲಿ ಮಾಲೀಕನು ನೌಕರನ ಓದಿಗೆ ವರ್ಷಕ್ಕೆ 5,250 ಡಾಲರ್‌ಗಳವರೆಗೆ ಕೊಟ್ಟ ನೆರವಿಗೆ ನೌಕರನು ತೆರಿಗೆ ಕಟ್ಟಬೇಕಿಲ್ಲ, ಈ ಮಿತಿ 1986ರಿಂದ ಕದಲದೆ ನಿಂತಿತ್ತೆಂಬುದೇ ಅದಕ್ಕಿರುವ ಮುಖ್ಯ ಆಕ್ಷೇಪಣೆ.

ಭಾರತದಲ್ಲಿ ಇತ್ತೀಚೆಗೆ ಕಂತಿನ ಪದ್ಧತಿ ಬಂದಿದೆ, ಆದರೆ ಅದು ಬಂದಿರುವುದು ಹೆಚ್ಚಾಗಿ ಮಾರಾಟಗಾರರ ಕೈಯಿಂದ. ಬಡ್ಡಿಯಿಲ್ಲದ ಇ.ಎಂ.ಐ. ಎಂದು ಜಾಹೀರಾತಾಗುವ ಏರ್ಪಾಡಿನಲ್ಲಿ ಹಣಕಾಸು ಕಂಪನಿಯೊಂದು ಕೋರ್ಸಿನ ಪೂರ್ತಿ ಮೊತ್ತವನ್ನು ಮೊದಲೇ ಮಾರಾಟಗಾರನಿಗೆ ಕೊಟ್ಟು ವಿದ್ಯಾರ್ಥಿಯನ್ನು ತನ್ನ ಸಾಲಗಾರನನ್ನಾಗಿ ಮಾಡಿಕೊಳ್ಳುತ್ತದೆ; ಓದು ಹಿಡಿಸದೆ ಅವನು ನಡುವೆ ಬಿಟ್ಟರೂ ಕಂತು ಬಿಡುವುದಿಲ್ಲ. ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಅಸ್ತಿತ್ವದಲ್ಲಿಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು, ಏಕೆಂದರೆ ಆ ಬಡ್ಡಿ ಸರಕಿನ ಬೆಲೆಯಲ್ಲೋ ಸಂಸ್ಕರಣಾ ಶುಲ್ಕದಲ್ಲೋ ಅಡಗಿರುತ್ತದೆ; 2021ರ ಡಿಸೆಂಬರ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು ಆನ್‌ಲೈನ್ ಶಿಕ್ಷಣದ ಕಂಪನಿಗಳ ವಿಷಯದಲ್ಲಿ, ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಒಪ್ಪಿಗೆಯ ಬಗ್ಗೆ ಜನರನ್ನು ಎಚ್ಚರಿಸಿತು. ಹಣ ಕಟ್ಟುವ ಮೊದಲು ಮಾನ್ಯತೆಯನ್ನು ನೋಡಬೇಕಾದ ಅಗತ್ಯ ಇದಕ್ಕಿಂತಲೂ ದೊಡ್ಡದು. ಕರ್ನಾಟಕದ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012–13ರ ನಂತರ ಮಾನ್ಯತೆಯಿಲ್ಲವೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2015ರಲ್ಲಿ ಪ್ರಕಟಿಸಿ 2018ರಲ್ಲಿ ಮತ್ತೆ ಮಾನ್ಯತೆ ನೀಡುವ ತನಕ, ನಡುವಿನ ವರ್ಷಗಳಲ್ಲಿ ಸೇರಿದವರ ಶುಲ್ಕವೂ ಗಂಟೆಗಳೂ ತ್ರಿಶಂಕು ಸ್ಥಿತಿಯಲ್ಲಿದ್ದವು. ಪೂರ್ಣಾವಧಿ ವಿದ್ಯಾರ್ಥಿಯ ಪಾಲಿಗೆ ಒಂದು ವರ್ಷದ ನಷ್ಟವಾಗಬಹುದಾದದ್ದು ಇವರ ಪಾಲಿಗೆ ಬಡ್ತಿಯ ಆಸೆಯ ನಷ್ಟ. 2024–25ರಿಂದ ದೂರಶಿಕ್ಷಣಕ್ಕೂ ಆನ್‌ಲೈನ್ ಪದವಿಗೂ ಸೇರುವವರು ಆಯೋಗದ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಮೊದಲು ಗುರುತಿನ ಸಂಖ್ಯೆ ಪಡೆಯಬೇಕೆಂಬ ನಿಯಮ ಬಂದಿರುವುದರಿಂದ, ಸಂಸ್ಥೆಗೆ ಮಾನ್ಯತೆಯಿದೆಯೇ ಎಂಬುದನ್ನು ಶುಲ್ಕ ಕಟ್ಟುವ ಮುನ್ನವೇ ತಿಳಿಯುವುದು ಸಾಧ್ಯವಾಗಿದೆ.

ಇಂಗ್ಲೆಂಡ್ ಈಗ ತನ್ನ ಸಾಲದ ಆಕಾರವನ್ನು ಮತ್ತೆ ಬದಲಿಸಲು ಹೊರಟಿದೆ. 2023ರಲ್ಲಿ ಅಂಗೀಕಾರವಾದ ಕಾಯ್ದೆಯೊಂದರ ಆಧಾರದ ಮೇಲೆ, ವರ್ಷಕ್ಕಿಷ್ಟು ಎಂಬ ಲೆಕ್ಕವನ್ನು ಬಿಟ್ಟು ಕ್ರೆಡಿಟ್‌ಗಿಷ್ಟು ಎಂದು ಶುಲ್ಕ ನಿಗದಿಮಾಡಿ, ಪ್ರತಿಯೊಬ್ಬ ವಯಸ್ಕನಿಗೂ ನಾಲ್ಕು ವರ್ಷಗಳ ಪೂರ್ಣಾವಧಿ ಓದಿಗೆ ಸಮನಾದ ಸಾಲದ ಖಾತೆಯನ್ನು ತೆರೆದು, ಅದನ್ನು ದುಡಿಮೆಯ ಪ್ರಾಯದ ಯಾವ ಘಟ್ಟದಲ್ಲಾದರೂ ತುಂಡು ತುಂಡಾಗಿ ಬಳಸಿಕೊಳ್ಳಲು ಬಿಡುವ ಈ ಯೋಜನೆ 2025ರಲ್ಲಿ ಆರಂಭವಾಗಬೇಕಿದ್ದು 2027ರ ಜನವರಿಗೆ ಮುಂದೂಡಲ್ಪಟ್ಟಿತು. ಕ್ರೆಡಿಟ್ ಎಂಬ ಮಾತಿಗೆ ವಿಶ್ವವಿದ್ಯಾನಿಲಯದಲ್ಲಿ ಕಲಿಕೆಯ ಅಳತೆ ಎಂದೂ ಬ್ಯಾಂಕಿನಲ್ಲಿ ಸಾಲ ಎಂದೂ ಇರುವ ಎರಡು ಅರ್ಥಗಳು ಆ ಖಾತೆಯಲ್ಲಿ ಒಂದಾಗುತ್ತವೆ. ಭಾರತವೂ 2021ರ ಜುಲೈನಲ್ಲಿ ಕ್ರೆಡಿಟ್ ಬ್ಯಾಂಕ್ ಒಂದನ್ನು ಸ್ಥಾಪಿಸಿತು. ವಿದ್ಯಾರ್ಥಿಯು ಬೇರೆ ಬೇರೆ ಸಂಸ್ಥೆಗಳಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಅದರಲ್ಲಿ ಜಮಾ ಮಾಡಿ, ಓದನ್ನು ನಿಲ್ಲಿಸಿ ಹೋದರೂ ಏಳು ವರ್ಷಗಳವರೆಗೆ ಅವನ್ನು ಉಳಿಸಿಕೊಂಡು, ಮರಳಿ ಬಂದಾಗ ಪದವಿಗೆ ಸೇರಿಸಿಕೊಳ್ಳಬಹುದು. ಸಂಬಳ ನಿಂತ ವರ್ಷ ಓದು ನಿಲ್ಲಿಸಿ, ಸಂಬಳ ಬಂದ ವರ್ಷ ಮುಂದುವರಿಸುವ ಮನುಷ್ಯನಿಗೆ ಇದಕ್ಕಿಂತ ಒಗ್ಗುವ ಏರ್ಪಾಡು ಇನ್ನೊಂದಿಲ್ಲ. ಆ ಬ್ಯಾಂಕಿನಲ್ಲಿ ಖಾತೆಯಿದೆ, ಜಮಾ ಇದೆ, ವಾಯಿದೆಯೂ ಇದೆ, ಹಣವೊಂದಿಲ್ಲ.